ಬೆಕ್ಕಿಗೂ ಒಂದು ಬಾಣಂತನ

ಕನ್ನಡದಲ್ಲಿ ಹಸು ಈಯುತ್ತದೆ, ಬೆಕ್ಕು ಮರಿ ಹಾಕುತ್ತದೆ, ಬಾಣಂತಿಯಾಗುವವಳು ಹೆಂಗಸು ಮಾತ್ರ. ಹೆತ್ತ ಮೇಲೆ ಅವಳಿಗೊಂದು ಹೆಸರಿದೆ, ಕೋಣೆಯಿದೆ, ಪಥ್ಯವಿದೆ, ತಿಂಗಳುಗಟ್ಟಲೆ ಆರೈಕೆಯಿದೆ. ಬೆಕ್ಕಿನ ವಿಷಯದಲ್ಲಿ ಹಾಗಲ್ಲ. ‘ಮರಿ ಹಾಕಿತು’ ಎಂದ ಕೂಡಲೇ ತಾಯಿಯ ಕತೆ ಮುಗಿದು ಮರಿಗಳ ಕತೆ ಶುರುವಾಗುತ್ತದೆ.

ಚೆನ್ನೈನ ಬೆಸೆಂಟ್ ನಗರದಲ್ಲಿ ಇದು ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಎಲಿಯಟ್ಸ್ ಬೀಚಿನ ಪಕ್ಕದಲ್ಲೇ ಊರೂರು ಆಲ್ಕಾಟ್ ಕುಪ್ಪಂ ಎಂಬ ಮೀನುಗಾರರ ಊರಿದೆ. ಮೀನಿದ್ದಲ್ಲಿ ಬೆಕ್ಕಿರದೆ ಇರುತ್ತದೆಯೇ? ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಹೆತ್ತು ಮಲಗಿದ ಬೆಕ್ಕನ್ನು ಯಾರೋ ಪುಣ್ಯಾತ್ಮರು ಮರಿಗಳ ಸಮೇತ ಮನೆಗೆ ತರುತ್ತಾರೆ. ಮರಿಗಳ ಫೋಟೋ ವಾಟ್ಸ್ಯಾಪಿಗೆ ಹೋಗುತ್ತದೆ. ಎರಡು ತಿಂಗಳಲ್ಲಿ ಮರಿಗಳಿಗೆ ಮನೆ ಸಿಗುತ್ತದೆ, ತಾಯಿ ಮತ್ತೆ ಅದೇ ಪಾರ್ಕಿಂಗಿಗೆ. ಬಹುಪಾಲು ಜನ ಇದನ್ನು ರಕ್ಷಣೆ ಎನ್ನುತ್ತಾರೆ. ಇದು ಅರ್ಧ ರಕ್ಷಣೆ. ಬೆಕ್ಕನ್ನು ಹಾಲಿನ ಬಾಟಲಿಯಂತೆ ಬಳಸಿ ಇಟ್ಟುಬಿಟ್ಟಂತೆ.

ಬಾಣಂತನದ ಮೊದಲ ನಿಯಮ ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದದ್ದೇ: ಮಬ್ಬು ಬೆಳಕು, ಸದ್ದಿಲ್ಲದ ಮೂಲೆ, ನೋಡಲು ಬರುವವರಿಗೆ ಬಾಗಿಲು ಬಂದ್. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರಲ್ಲ, ಅದು ಶಾಸ್ತ್ರವಲ್ಲ, ಅಂಜಿಕೆ. ಪದೇಪದೇ ಇಣುಕಿದರೆ ಜಾಗ ಬದಲಿಸುತ್ತದೆ. ಬದಲಿಸಲು ಜಾಗವಿಲ್ಲದ ಫ್ಲ್ಯಾಟಿನಲ್ಲಿ ಕಂಗೆಟ್ಟು ಮರಿಗಳನ್ನೇ ದೂರ ಮಾಡುವುದೂ ಉಂಟು. ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಹತ್ತಿ ಸೀರೆ, ದೂರದಲ್ಲಿ ಮರಳಿನ ತಟ್ಟೆ, ಹತ್ತಿರದಲ್ಲಿ ನೀರು. ಸಾಕು.

ಎರಡನೆಯದು ಊಟ. ಹಾಲೂಡುವ ಬೆಕ್ಕಿಗೆ ಮಾಮೂಲಿನ ಎರಡು ಮೂರು ಪಟ್ಟು ಆಹಾರ ಬೇಕು. ಮರಿಗಳಿಗೆಂದು ಮಾರುವ ಆಹಾರವೇ ತಾಯಿಗೂ ಒಳ್ಳೆಯದು. ಬಟ್ಟಲು ತುಂಬ ಹಸುವಿನ ಹಾಲು ಇಡುವುದು ನಮ್ಮ ಹಳೆಯ ಪ್ರೀತಿ, ಆದರೆ ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಅದು ಅರಗದೆ ಭೇದಿಯಾಗುತ್ತದೆ. ಇಲ್ಲಿ ಮನುಷ್ಯರ ಬಾಣಂತನವನ್ನು ಹಾಗೇ ನಕಲು ಮಾಡುವಂತಿಲ್ಲ: ಬೆಳ್ಳುಳ್ಳಿ, ಈರುಳ್ಳಿ ಬೆಕ್ಕಿಗೆ ವಿಷ. ಮೈ ಬಿಸಿಯೆಂದು ಡೋಲೋ ಅಥವಾ ಕ್ರೋಸಿನ್ ಚೂರು ಕೊಟ್ಟರೆ ಪ್ರಾಣವೇ ಹೋದೀತು. ಪ್ಯಾರಾಸಿಟಮಾಲ್ ಬೆಕ್ಕಿನ ದೇಹಕ್ಕೆ ಸಲ್ಲುವುದೇ ಇಲ್ಲ. ಮೊಲೆ ಗಟ್ಟಿಯಾಗಿ ಕೆಂಪಾದರೆ, ಸ್ರಾವ ನಾರಿದರೆ, ಕೈಕಾಲು ಅದುರಿದರೆ ಅದೇ ದಿನ ಡಾಕ್ಟರ ಬಳಿ ಹೋಗಬೇಕು. ಅದುರುವುದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದ ಲಕ್ಷಣ, ಗಂಟೆಗಳ ಮಾತು.

ಶ್ರೀವೈಷ್ಣವರಲ್ಲಿ ಮಾರ್ಜಾಲ ಕಿಶೋರ ನ್ಯಾಯವೆಂದಿದೆ. ತಾಯಿ ಕಚ್ಚಿಕೊಂಡು ಹೋಗುವ ಮರಿಯಂತೆ ಭಕ್ತ ನಿಶ್ಚಿಂತನಾಗಿರಬೇಕು ಎಂಬುದು ತೆಂಕಲೈ ಪಂಥದ ನಿಲುವು. ಶತಮಾನಗಳ ವಾದದಲ್ಲಿ ಮರಿಯ ಸ್ಥಿತಿಯೇ ದೊಡ್ಡದು. ಕಚ್ಚಿ ಒಯ್ಯುವವಳಿಗೆ ಹೊಟ್ಟೆಗಿತ್ತೇ ಎಂದು ಯಾರೂ ಕೇಳಿದಂತಿಲ್ಲ!

ಮೂರನೆಯದೇ ನಿಜವಾದ ಜಗಳದ ವಿಷಯ: ಸಂತಾನಶಕ್ತಿಹರಣದ ಶಸ್ತ್ರಚಿಕಿತ್ಸೆ. ‘ಪ್ರಕೃತಿಗೆ ವಿರುದ್ಧ’, ‘ತಾಯ್ತನ ಕಿತ್ತುಕೊಳ್ಳಬಾರದು’ ಎನ್ನುವವರು ಸಭ್ಯರೇ. ಆದರೆ ಮರಿಗಳು ಹಾಲು ಕುಡಿಯುತ್ತಿರುವಾಗಲೇ ಬೆಕ್ಕು ಮತ್ತೆ ಬಸುರಾಗಬಲ್ಲದು, ಒಂಬತ್ತೇ ವಾರದಲ್ಲಿ ಮತ್ತೆ ಹೆರಬಲ್ಲದು. ಹಾಗೆ ವರ್ಷಕ್ಕೆ ಎರಡು ಮೂರು ಸಲ, ಕಾರಿನ ಚಕ್ರಗಳ ನಡುವೆ ಹೆರುವುದರಲ್ಲಿ ಯಾವ ಪ್ರಕೃತಿಯಿದೆ?

ಈ ಊರಿಗೆ ಇದು ಹೊಸ ಮಾತೇನಲ್ಲ. ಪಕ್ಕದ ತಿರುವಾನ್ಮಿಯೂರಿನ ಕಲಾಕ್ಷೇತ್ರದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದ ಫಲವಾಗಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿದಾಗ ಮೊದಲ ಅಧ್ಯಕ್ಷೆ ಅವರೇ. ಚೆನ್ನೈನ ಬ್ಲೂ ಕ್ರಾಸ್ 1964ರಲ್ಲೇ ಬೀದಿನಾಯಿಗಳ ಸಂತಾನ ನಿಯಂತ್ರಣ ಶುರುಮಾಡಿತು. 2001ರಲ್ಲಿ ದೇಶಕ್ಕೆ ನಿಯಮ ಬಂದಾಗ ಅದರ ಹೆಸರಿನಲ್ಲೇ ಆವರಣದೊಳಗೆ ‘ನಾಯಿಗಳು’ ಎಂದಿತ್ತು. ಕಚ್ಚುವ ಪ್ರಾಣಿಗೆ ನಿಯಮ, ಕಚ್ಚದ್ದಕ್ಕೆ ವಾಟ್ಸ್ಯಾಪ್!

ಮರಿಗಳು ಎಂಟು ವಾರ ತಾಯಿಯೊಂದಿಗಿರಲಿ. ಅವು ಹಾಲು ಬಿಟ್ಟು, ಮೊಲೆ ಬತ್ತಿದ ಮೇಲೆ ಶಸ್ತ್ರಚಿಕಿತ್ಸೆ; ಸಾಮಾನ್ಯವಾಗಿ ಇನ್ನೆರಡು ವಾರ. ಆ ಎರಡು ವಾರವೇ ಜನಕ್ಕೆ ಕಷ್ಟ. ಮುದ್ದು ಮಾಡಲು ಮರಿಗಳಿಲ್ಲ, ಬಾತ್‌ರೂಮು ಬೇಕಾಗಿದೆ, ಗಾಯಕ್ಕೆ ಕಾವಲಿರಬೇಕು. ಮರಿ ಒಯ್ಯಲು ಬಂದವರಲ್ಲಿ ತಾಯಿಯ ಖರ್ಚಿಗೊಂದು ಪಾಲು ಕೇಳಲು ನಾಚಬೇಕಿಲ್ಲ. ಹೊಲಿಗೆ ಒಣಗುವವರೆಗೆ ಬಾಗಿಲು ಮುಚ್ಚಿಯೇ ಇರಲಿ.