ಪಾಯಿಂಟ್ ಸಾಕು, ನಕ್ಷೆ ಬೇಕು

ನಮ್ಮ ಬಯಲುಸೀಮೆಯಲ್ಲಿ ಕೊಳವೆಬಾವಿ ಕೊರೆಸುವ ಮುನ್ನ ‘ಪಾಯಿಂಟ್’ ಮಾಡಿಸುವುದು ವಾಡಿಕೆ. ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೋಡಿದರೆ, ಇನ್ನೊಬ್ಬರು ಬೇವಿನ ಕವಲುಕಡ್ಡಿ ಹಿಡಿಯುತ್ತಾರೆ. ಈಗೀಗ ತಂತಿ, ಬ್ಯಾಟರಿ, ಮೀಟರ್ ಹೊತ್ತು ಬರುವವರೂ ಇದ್ದಾರೆ. ಭೂವಿಜ್ಞಾನ ಓದುತ್ತಿರುವ ನನ್ನ ತಕರಾರು ಈ ಮೂರನೆಯ ವಿಧಾನದ ಬಗ್ಗೆ. ಉಪಕರಣ ಸುಳ್ಳು ಎಂದಲ್ಲ, ಅದನ್ನೂ ನಾವು ತೆಂಗಿನಕಾಯಿಯಂತೆಯೇ ಬಳಸುತ್ತಿದ್ದೇವೆ ಎಂದು.

ತತ್ವ ಸರಳ. ನೆಲಕ್ಕೆ ಸಾಲಾಗಿ ನಾಲ್ಕು ಸರಳು ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಹೊರಗಿನ ಸರಳುಗಳನ್ನು ದೂರ ಸರಿಸಿದಂತೆ ಹೆಚ್ಚು ಆಳದ ಮಾಹಿತಿ ಸಿಗುತ್ತದೆ. ಬಿರುಕಿಲ್ಲದ ಗ್ರಾನೈಟ್‌ನ ರೋಧಕತೆ ಸಾವಿರಾರು ಓಮ್-ಮೀಟರ್. ನೀರುಂಡ ಶಿಥಿಲ ಶಿಲೆಯದು ಸಾಮಾನ್ಯವಾಗಿ ಹತ್ತಾರರಿಂದ ಒಂದೆರಡು ನೂರು. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜೆ 1912ರಲ್ಲೇ ಇಂಥ ಪ್ರಯೋಗ ನಡೆಸಿದ್ದರು.

ಆದರೆ ಮೀಟರ್ ನೀರನ್ನು ನೋಡುವುದಿಲ್ಲ, ರೋಧಕತೆಯನ್ನಷ್ಟೇ ಅಳೆಯುತ್ತದೆ. ಜೇಡಿಮಣ್ಣೂ ಉಪ್ಪುನೀರೂ ಕಡಿಮೆ ರೋಧಕತೆಯನ್ನೇ ತೋರಿಸುತ್ತವೆ. ಸಾವಿರ ಅಡಿ ಆಳದ ಬಂಡೆಯಲ್ಲಿರುವ ಬೆರಳಗಲದ ಬಿರುಕು ಮೇಲಿನಿಂದ ಕಾಣುವುದೇ ಇಲ್ಲ. ‘ಇಲ್ಲೇ ಕೊರೆಸಿ, ಎರಡು ಇಂಚು ನೀರು ಗ್ಯಾರಂಟಿ’ ಎನ್ನುವವರು ಉಪಕರಣ ಹೇಳದ ಮಾತನ್ನು ತಾವೇ ಸೇರಿಸುತ್ತಿದ್ದಾರೆ. ಅದನ್ನು ನಂಬಿದ ರೈತನ ತಲೆ ಮೇಲೆ ಸಾಲ ಕೂರುತ್ತದೆ.

ಈ ವಿಧಾನದ ನಿಜವಾದ ಶಕ್ತಿ ಇರುವುದು ಒಂದು ಬಿಂದುವಿನಲ್ಲಲ್ಲ, ನೂರು ಬಿಂದುಗಳನ್ನು ಜೋಡಿಸುವುದರಲ್ಲಿ. ಶಿಥಿಲ ಪದರ ಎಲ್ಲಿ ದಪ್ಪವಾಗಿದೆ, ಬಂಡೆ ಎಲ್ಲಿ ಮೇಲಕ್ಕೆ ಬಂದಿದೆ ಎಂಬುದು ಆಗ ತಿಳಿಯುತ್ತದೆ. ಇಂಗುಕೆರೆ ಎಲ್ಲಿ ಕಟ್ಟಬೇಕೆಂದು ನಿರ್ಧರಿಸಲು ಇದೇ ಮುಖ್ಯ. ಬಿರುಕಿಲ್ಲದ ಬಂಡೆಯ ಮೇಲೆ ಕಟ್ಟಿದರೆ ನೀರು ಇಂಗುವುದಿಲ್ಲ, ಬಿಸಿಲಿಗೆ ಆರುತ್ತದೆ.

ಇದು ಆಗದ ಕೆಲಸವೇನಲ್ಲ. ಕೇಂದ್ರ ಅಂತರ್ಜಲ ಮಂಡಳಿಯ ಪ್ರಾಯೋಗಿಕ ಯೋಜನೆಯಲ್ಲಿ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನದ ಮೇಲೆ ಹೆಲಿಕಾಪ್ಟರ್ ಹಾರಿಸಿ, ಅದಕ್ಕೆ ತೂಗುಬಿಟ್ಟ ತಂತಿಸುರುಳಿಯ ವಿದ್ಯುತ್ಕಾಂತೀಯ ವಿಧಾನದಿಂದ ನೆಲದಡಿಯ ರೋಧಕತೆಯನ್ನು ದಾಖಲಿಸಲಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಭೂಭೌತಿಕ ಸಂಶೋಧನಾ ಸಂಸ್ಥೆ ಅದರಲ್ಲಿ ಕೈಜೋಡಿಸಿತ್ತು. ಆದರೆ ಎಲ್ಲ ಊರಿಗೂ ಹೆಲಿಕಾಪ್ಟರ್ ಬರುವವರೆಗೆ ಕಾಯಬೇಕಿಲ್ಲ.

ನನ್ನ ಸಲಹೆ ಇಷ್ಟೇ: ಹಳ್ಳಿಯಲ್ಲಿ ನಡೆಯುವ ಪ್ರತಿ ರೋಧಕತೆ ಪರೀಕ್ಷೆಯ ಅಂಕಿಗಳು, ಪ್ರತಿ ಕೊಳವೆಬಾವಿಯ ವಿವರ ಗ್ರಾಮ ಪಂಚಾಯಿತಿಗೆ ಸೇರಲಿ. ಕೊರೆದ ಆಳ, ನೀರು ಸಿಕ್ಕ ಆಳ, ಇಳಿಸಿದ ಕೇಸಿಂಗ್ ಪೈಪಿನ ಅಡಿ – ಮೂರೇ ಅಂಕಿ. ಗಟ್ಟಿ ಬಂಡೆ ಸಿಗುವವರೆಗೆ ಕೇಸಿಂಗ್ ಇಳಿಸುವುದರಿಂದ, ರಿಗ್ ಲಾರಿಯವರ ಬಿಲ್ಲಿನಲ್ಲೇ ಶಿಥಿಲ ಪದರದ ಅಂದಾಜು ದಪ್ಪ ಅಡಗಿದೆ. ಹೀಗಾದರೆ ವಿಫಲವಾದ ಕೊಳವೆಬಾವಿಯೂ ಪಕ್ಕದ ಜಮೀನಿನವರಿಗೆ ಒಂದು ಪಾಠವಾಗುತ್ತದೆ. ಇಂದು ಅದು ರೈತನ ನಷ್ಟವಾಗಿ ಮಾತ್ರ ಉಳಿಯುತ್ತಿದೆ.

ನಕ್ಷೆ ಸಿಕ್ಕರೆ ದುಡ್ಡಿದ್ದವರು ಒಳ್ಳೆಯ ಜಾಗಕ್ಕೇ ಮುಗಿಬೀಳುತ್ತಾರೆ ಎನ್ನಬಹುದು. ಅವರು ಈಗಲೂ ಕೊರೆಸುತ್ತಲೇ ಇದ್ದಾರೆ. ನಕ್ಷೆ ಗ್ರಾಮಸಭೆಯ ಗೋಡೆಯ ಮೇಲಿದ್ದರೆ, ಯಾವ ಯಾವ ಜಮೀನಿನ ಕೆಳಗೆ ಒಂದೇ ಪದರ ಹಬ್ಬಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಪ್ರಶ್ನೆ ಕೇಳಲು ಬಡ ರೈತನ ಕೈಗೆ ಒಂದು ಆಧಾರ ಸಿಗುತ್ತದೆ.

ಇದಕ್ಕೆ ಜನ ಎಲ್ಲಿ? ನಾವೇ ಇದ್ದೇವಲ್ಲ! ಭೂವಿಜ್ಞಾನದವರು ಅಳೆಯಬಹುದು, ಕಂಪ್ಯೂಟರ್ ಓದಿದವರು ಅಂಕಿಗಳನ್ನು ನಕ್ಷೆಯಾಗಿಸಬಹುದು, ಸಿವಿಲ್‌ನವರು ಇಂಗುಗುಂಡಿಯ ಜಾಗ ಗುರುತಿಸಬಹುದು. ಪದವಿಯ ಕೊನೆಯಲ್ಲಿ ಎಲ್ಲಿಂದಲೋ ನಕಲು ಮಾಡಿ ಒಪ್ಪಿಸುವ ಪ್ರಾಜೆಕ್ಟ್‌ಗಿಂತ ಸ್ವಂತ ಊರಿನ ನೆಲದಡಿಯ ನಕ್ಷೆ ಹೆಚ್ಚು ಬೆಲೆಯುಳ್ಳದ್ದು. ಪಂಚಾಯಿತಿಗಳು ಇದಕ್ಕೆ ತರಬೇತಿ ಪಡೆದ ಯುವಕ ಯುವತಿಯರನ್ನು ಗೌರವಧನ ಕೊಟ್ಟು ನೇಮಿಸಿಕೊಂಡರೆ ಕೆಲಸವೂ ಹುಟ್ಟುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಒಂದು ದಾಖಲೆ ಪುಸ್ತಕ ಇಡಿಸುವುದರಿಂದಲೇ ಇದನ್ನು ಶುರು ಮಾಡಬಹುದು.