ಗಂಟೆ ಹೊಡೆಯುವವರು, ಪಾಠ ಓದುವವರು

‘ಲೇ, ಓಡಿಹೋಗಿ ನೀರು ತಗೊಂಡು ಬಾ.’ ‘ಪುಟ್ಟಿ, ನೀನು ಓದಮ್ಮ.’ ನಮ್ಮ ಕಡೆ ಸರ್ಕಾರಿ ಶಾಲೆಯಲ್ಲಿ ಕಲಿತವರಿಗೆ ಈ ಎರಡು ಮಾತು ಹೊಸದೇನಲ್ಲ. ನಾನು ಕಲಿತ ಶಾಲೆಯಲ್ಲೂ ಗಂಟೆ ಹೊಡೆಯುವುದು, ಬಿಂದಿಗೆ ಹೊರುವುದು, ಹಾಜರಿ ಪುಸ್ತಕ ಒಯ್ಯುವುದು ಹುಡುಗರ ಪಾಲು. ಎದ್ದು ನಿಂತು ಗಟ್ಟಿಯಾಗಿ ಓದಿ ಉಳಿದವರಿಗೆ ಹೇಳಿಕೊಡುವುದು ಹುಡುಗಿಯರ ಪಾಲು. ಆಗ ನನಗೆ ಖುಷಿಯೋ ಖುಷಿ, ಹೊರಗೆ ಹೋಗಲು ನೆಪ ಸಿಗುತ್ತಿತ್ತಲ್ಲ! ಮೂರನೇ ತರಗತಿ ಮುಗಿದರೂ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಿದ್ದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ‘ಬಾಲಕಿಯರದ್ದೇ ಮೇಲುಗೈ’ ಎಂಬ ತಲೆಬರಹ ಓದುತ್ತೇವೆ. 2024ರಲ್ಲಿ ರಾಜ್ಯದಲ್ಲಿ ಬಾಲಕಿಯರು ಶೇ 81.11, ಬಾಲಕರು ಶೇ 65.90. ‘ಹುಡುಗರು ಮೊಬೈಲ್ ಹಿಡಿದು ಕೆಟ್ಟರು’ ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಅಂತರ ಹತ್ತನೇ ತರಗತಿಯಲ್ಲಿ ಹುಟ್ಟಿದ್ದಲ್ಲ. ನಾಲ್ಕನೇ ತರಗತಿ ಮಕ್ಕಳ ಓದನ್ನು ಅಳೆಯುವ ‘ಪರ್ಲ್ಸ್’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 2016ರಲ್ಲಿ 50 ದೇಶಗಳ ಪೈಕಿ 48ರಲ್ಲಿ ಹುಡುಗಿಯರೇ ಮುಂದಿದ್ದರು. ಹಾಗಾದರೆ ಇದು ಹುಟ್ಟುಗುಣವೇ? ಹುಟ್ಟುಗುಣವಾಗಿದ್ದರೆ ಅಂತರ ಎಲ್ಲ ಕಡೆ ಒಂದೇ ಇರಬೇಕಿತ್ತು. ಕೆಲವು ದೇಶಗಳಲ್ಲಿ ಅದು ದೊಡ್ಡದು, ಕೆಲವೆಡೆ ಚಿಕ್ಕದು, ಎರಡು ಕಡೆ ಇಲ್ಲವೇ ಇಲ್ಲ.

ನಮ್ಮ ನಲಿಕಲಿಯನ್ನೇ ನೋಡಿ. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಶುರುವಾಗಿ, 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ. ಕಲಿಕಾ ಏಣಿ, ಕಾರ್ಡು, ನೆಲದ ಮೇಲೆ ಗುಂಪು ಗುಂಪಾಗಿ ಕೂತ ಮಕ್ಕಳು. ನಾಲ್ಕು ದಿನ ಶಾಲೆ ತಪ್ಪಿಸಿದ ಹುಡುಗನೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಇದಕ್ಕಿಂತ ಒಳ್ಳೆಯ ಏರ್ಪಾಟು ಬೇಕೆ? ತೊಡಕಿರುವುದು ಮಕ್ಕಳೇ ಮಕ್ಕಳಿಗೆ ನೆರವಾಗುವ ಗುಂಪಿನಲ್ಲಿ. ಅಲ್ಲಿ ಓದಲು ಬಲ್ಲವಳು ಓದುತ್ತಾಳೆ, ಬಾರದವನು ಹಿಂದಿನಿಂದ ಹೇಳುತ್ತಾನೆ. ಅವಳ ಓದು ಇನ್ನಷ್ಟು ಸಲೀಸಾಗುತ್ತದೆ, ಇವನಿಗೆ ಕಾರ್ಡು ಬಾಯಿಪಾಠವಾಗುತ್ತದೆ, ಅಕ್ಷರ ಗುರುತು ಸಿಗುವುದಿಲ್ಲ. ಮನೆಯಲ್ಲಿ ತೆಲುಗು ಮಾತಾಡುವ ಪಾವಗಡದ ಗಡಿ ಊರುಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಮೂರು ತರಗತಿಯ ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಮೇಡಂ ಚೆನ್ನಾಗಿ ಓದುವವಳನ್ನೇ ಕರೆದರೆ ಅವರನ್ನು ದೂರುವುದೂ ಕಷ್ಟ.

ಹುಡುಗಿಯರಿಗೂ ಇದರಿಂದ ಪೂರ್ತಿ ಲಾಭವಿಲ್ಲ. ತಪ್ಪಿಲ್ಲದೆ ಓದಿದವಳಿಗೆ ‘ಜಾಣೆ, ಕೂತ್ಕೋ’ ಎಂಬ ಶಹಬ್ಬಾಸ್ ಸಿಗುತ್ತದೆ. ‘ಕಥೆಯಲ್ಲಿ ನರಿ ಯಾಕೆ ಹಾಗೆ ಮಾಡಿತು?’ ಎಂದು ಯಾರೂ ಅವಳನ್ನು ಕೇಳುವುದಿಲ್ಲ. ಮುಂದೆ ಕಾಲೇಜಿನ ಸೆಮಿನಾರಿನಲ್ಲಿ ಅವಳು ಬಾಯಿ ಬಿಡದಿದ್ದರೆ ಅಚ್ಚರಿಪಡುತ್ತೇವೆ.

ಟಿಇಟಿಗೆ, ಶಿಕ್ಷಕರ ನೇಮಕಾತಿಗೆ ಓದುತ್ತಿರುವವರು ಈ ಪುಟದ ಓದುಗರಲ್ಲಿ ಬಹಳ ಮಂದಿ ಇದ್ದೀರಿ. ನಾಳೆ ತರಗತಿಗೆ ಹೋದಾಗ ಒಂದು ವಾರ ಸುಮ್ಮನೆ ಗೀಟು ಹಾಕಿ ಲೆಕ್ಕವಿಡಿ: ಯಾರು ಎಷ್ಟು ಸಲ ಓದಿದರು, ಯಾರು ಎಷ್ಟು ಸಲ ಹೊರಗೆ ಹೋದರು? ಅಳತೆ ಇಲ್ಲದೆ ರಿಪೇರಿ ಆಗದು ಎನ್ನುವುದು ಎಂಜಿನಿಯರಿಂಗ್‌ನವರ ಚಾಳಿ, ಕ್ಷಮಿಸಿ. ಹಾಜರಿ ಸಂಖ್ಯೆಯ ಪ್ರಕಾರ ಓದುವ ಸರದಿ, ಅದೇ ಪ್ರಕಾರ ನೀರಿನ ಸರದಿ ಇಟ್ಟರೆ ಖರ್ಚು ಸೊನ್ನೆ. ಇನ್ನು ಊರಿಗೆ ಹೋಗುವ ನಮ್ಮಂಥವರು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಅಣ್ಣಂದಿರು, ಮಾವಂದಿರು ಕೂತು ಕಥೆ ಓದುವುದನ್ನು ಹುಡುಗರು ನೋಡಿದ್ದೇ ಕಡಿಮೆ.

ಕಳೆದ ರಜೆಯಲ್ಲಿ ಅಕ್ಕನ ಇಬ್ಬರು ಮಕ್ಕಳ ಜೊತೆ ಶಿರಾ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಎರಡನೇ ತರಗತಿಯ ಹುಡುಗನಿಗೆ ಬೋರ್ಡು ಓದಲು ಹೇಳಿದೆ. ಪಾವಗಡ, ಮಧುಗಿರಿ ಓದಿದ. ‘ಚಳ್ಳಕೆರೆ’ ಬಂದಾಗ ನಿಂತುಬಿಟ್ಟ. ಪಕ್ಕದಲ್ಲಿದ್ದ ಅವನಕ್ಕ ಹೇಳಿಕೊಡಲು ಬಾಯಿ ತೆರೆದಳು. ‘ತಡಿಯಮ್ಮ’ ಎಂದೆ. ಬಸ್ಸು ಹೊರಡುವಷ್ಟರಲ್ಲಿ ಅವನೇ ಓದಿದ.