ನ್ಯೂಟನ್ ಎಂದರೆ ಹೊಸೂರು!

ನ್ಯೂಟನ್ ಎಂದೊಡನೆ ಸೇಬು, ಗುರುತ್ವಾಕರ್ಷಣೆ, ಚಲನೆಯ ಮೂರು ನಿಯಮಗಳು ನೆನಪಿಗೆ ಬರುತ್ತವೆ. ಆದರೆ ಈ ಹೆಸರು ಮೂಲತಃ ವ್ಯಕ್ತಿಯದಲ್ಲ, ಊರಿನದು. ಹಳೆಯ ಇಂಗ್ಲಿಷಿನಲ್ಲಿ 'ಟೂನ್' ಎಂದರೆ ಬೇಲಿ ಹಾಕಿದ ಜಾಗ, ಹಳ್ಳಿ. ಇಂದಿನ 'ಟೌನ್' ಪದವೂ ಅದರಿಂದಲೇ ಬಂದದ್ದು. ಅದಕ್ಕೆ 'ಹೊಸ' ಎಂಬ ಅರ್ಥದ ಪದ ಸೇರಿ ನ್ಯೂಟನ್ ಆಯಿತು. ಕನ್ನಡದಲ್ಲಿ ಹೇಳುವುದಾದರೆ ಹೊಸೂರು!

ನಮ್ಮಲ್ಲಿ ಹೊಸೂರುಗಳು ಹಲವಿರುವಂತೆ ಇಂಗ್ಲೆಂಡಿನಲ್ಲಿ ನ್ಯೂಟನ್‌ಗಳು ಹಲವು. ಮಧ್ಯಯುಗದಲ್ಲಿ ಇಂಥ ಊರು ಬಿಟ್ಟು ಬೇರೆಡೆ ನೆಲೆಸಿದವನನ್ನು ಜನ 'ನ್ಯೂಟನ್ನಿನವನು' ಎಂದು ಕರೆದರು. ಅದೇ ಮಕ್ಕಳು ಮೊಮ್ಮಕ್ಕಳಿಗೂ ಉಳಿದು ಮನೆತನದ ಹೆಸರಾಯಿತು. ಹಾಗಾಗಿ ನ್ಯೂಟನ್‌ಗಳೆಲ್ಲ ಒಂದೇ ವಂಶದವರಲ್ಲ. ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದು, ಮುಂದೆ ಪಾದ್ರಿಯಾಗಿ, 1788ರಲ್ಲಿ ಆ ವ್ಯಾಪಾರದ ವಿರುದ್ಧವೇ ಕಿರುಹೊತ್ತಿಗೆ ಬರೆದವನು ಜಾನ್ ನ್ಯೂಟನ್. ಅಮೆರಿಕದ ಬಾಸ್ಟನ್ ನಗರದ ಪಕ್ಕದಲ್ಲೂ ಒಂದು ನ್ಯೂಟನ್ ಇದೆ. ಅಂಜೂರದ ಹೂರಣ ತುಂಬಿದ 'ಫಿಗ್ ನ್ಯೂಟನ್' ಬಿಸ್ಕತ್ತಿಗೆ ಹೆಸರು ಬಂದದ್ದು ಆ ಊರಿನಿಂದ, ವಿಜ್ಞಾನಿಯಿಂದಲ್ಲ.

ವಿಜ್ಞಾನಿಯ ನೆನಪಿಗೆ ಇಟ್ಟ ಹೆಸರು ಬಲದ ಏಕಮಾನದ್ದು. 1948ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ಒಂದು ಕಿಲೋಗ್ರಾಂ ದ್ರವ್ಯರಾಶಿಯ ವಸ್ತುವಿನ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಒಂದು ಮೀಟರಿನಷ್ಟು ಹೆಚ್ಚಿಸುವ ಬಲವೇ ಒಂದು ನ್ಯೂಟನ್. ನೂರು ಗ್ರಾಮಿನ ಸಣ್ಣ ಸೇಬನ್ನು ಅಂಗೈಯಲ್ಲಿಟ್ಟರೆ ಅದು ಒತ್ತುವ ಬಲ ಹೆಚ್ಚುಕಡಿಮೆ ಅಷ್ಟೇ. ಪರೀಕ್ಷೆಯಲ್ಲಿ ನೆನಪಿರಲಿ: ಇಂಗ್ಲಿಷಿನಲ್ಲಿ ಏಕಮಾನದ ಪೂರ್ಣ ಹೆಸರು ಸಣ್ಣ ಅಕ್ಷರದಿಂದ ಆರಂಭವಾಗಬೇಕು, ಸಂಕೇತ ಮಾತ್ರ ದೊಡ್ಡಕ್ಷರದ 'ಎನ್'.

ಈ ಗೌರವ ಪಡೆದ ಐಸಾಕ್ ನ್ಯೂಟನ್ ಹುಟ್ಟಿದ್ದು ಹಳೆಯ ಪಂಚಾಂಗದ ಪ್ರಕಾರ 1642ರ ಡಿಸೆಂಬರ್ 25ರಂದು, ಲಿಂಕನ್‌ಶೈರಿನ ವುಲ್ಸ್‌ತೋರ್ಪ್ ಎಂಬ ಹಳ್ಳಿಯಲ್ಲಿ. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದ. ಬೇಸಾಯಗಾರನಾದ ಆ ತಂದೆಯ ಹೆಸರೂ ಐಸಾಕ್ ನ್ಯೂಟನ್ನೇ. ಆದರೆ ಓದುಬರಹ ಅರಿಯದ ಆತನಿಗೆ ತನ್ನ ಹೆಸರಿನ ಸಹಿ ಹಾಕಲೂ ಬರುತ್ತಿರಲಿಲ್ಲ. ಹೊಲಮನೆ ನೋಡಿಕೊಳ್ಳಲೆಂದು ತಾಯಿ ಹುಡುಗನನ್ನು ಶಾಲೆ ಬಿಡಿಸಿದ್ದೂ ಉಂಟು. ಸೋದರಮಾವ ಮತ್ತು ಶಾಲೆಯ ಮುಖ್ಯೋಪಾಧ್ಯಾಯ ಹೆನ್ರಿ ಸ್ಟೋಕ್ಸ್ ತಾಯಿಯ ಮನವೊಲಿಸಿ ಅವನನ್ನು ಮತ್ತೆ ಶಾಲೆಗೆ ಕರೆತಂದರು.

ತಂದೆ ಬರೆಯಲಾಗದೆ ಹೋದ ಹೆಸರನ್ನು ಇಂದು ಲೋಕದ ಮಕ್ಕಳೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಹೆಸರು ಊರು ಕೊಟ್ಟದ್ದು. ಅದಕ್ಕೆ ಬೆಲೆ ತಂದದ್ದು ಓದು.